ರವಿವಾರದ ಖಂಡಾಳಾ

ಚಟ್ಟಕ್ಕೆ ಕೊನೆಯ ಹಗ್ಗ ಬಿಗಿಯುತ್ತಿದ್ದ ರಾಘಣ್ಣ ತಲೆಯೆತ್ತಿದ. ವಾಡೆಯ ಬಾಗಿಲಲ್ಲಿ ರೈಲ್ವೆ ಗ್ಯಾಂಗಿನ ಖಾಕಿ ಅಂಗಿ ತೊಟ್ಟವನೊಬ್ಬ ಮುದುಕಿಯ ರಟ್ಟೆ ಹಿಡಿದು ನಿಂತಿದ್ದ.

“ಖಂಡಾಳಾದಿಂದ ಬಂದೀವ್ರಿ,” ಎಂದು ಅವನು ಮರಾಠಿಯಲ್ಲಿ ಹೇಳಿದ. “ಈಕಿ ನಮ್ಮ ಅಜ್ಜಿ, ಗಂಗೂಬಾಯಿ. ಸಾಹೇಬರ ಮುಖ ನೋಡಬೇಕಂತಾಳ.”

ಪಡಸಾಲೆಯಲ್ಲಿ ಗಂಡನ ಹೆಣದ ಪಕ್ಕ ಕೂತಿದ್ದ ಅಂಬಾಬಾಯಿಗೆ ಆ ಹೆಸರು ಕೇಳಿಸಿತು. ಅಳುತ್ತಿದ್ದ ನೆರೆಹೊರೆಯ ಹೆಂಗಸರೂ ಸುಮ್ಮನಾದರು. ಅವರಿಗೂ ಆ ಹೆಸರು ಗೊತ್ತಿತ್ತು.

*

ಅಂಬಾಬಾಯಿಯ ಗಂಡ ಬಿಂದುಮಾಧವರಾಯರು ಮಾರ್ಮಗೋವಾ ಬಂದರಿನಲ್ಲಿ ಧಕ್ಕೆಯ ಮ್ಯಾನೇಜರರಾಗಿದ್ದವರು. ಹಡಗಿನ ಸರಕನ್ನು ರೈಲಿಗೆ, ರೈಲಿನದನ್ನು ಹಡಗಿಗೆ ಏರಿಸುವುದರಲ್ಲೇ ನೌಕರಿ ಮುಗಿಯಿತು. ಉಳಿದವರು ಸರಕು ನೋಡಿದರೆ ರಾಯರು ಹಳಿ ನೋಡುವರು. ಈ ಹಳಿ ಬೆಟ್ಟ ಇಳಿದು ಬಂದದ್ದು ಹೇಗೆ, ಹಾಕಿದವರು ಯಾರು ಎಂದು ಮುದಿ ಹಮಾಲರನ್ನು ಕೂಡಿಸಿಕೊಂಡು ಕೇಳುವರು. ನಿವೃತ್ತರಾದ ಮೇಲೆ ಪುಣೆಯಲ್ಲಿ ವಕೀಲಿ ಮಾಡುತ್ತಿದ್ದ ತಮ್ಮ ರಾಘಣ್ಣನ ವಾಡೆಗೆ ಬಂದರು. ಮಕ್ಕಳಿರಲಿಲ್ಲ. ಮುಂಬಯಿಯ ದಾರಿಯಲ್ಲಿರುವ ಬೋರ ಘಾಟಿನ ಹಳಿ ಅವರು ಹುಟ್ಟುವ ಮೊದಲಿನದು. ಅದಕ್ಕೆ ದುಡಿದವರು ಯಾರಾದರೂ ಇನ್ನೂ ಉಳಿದಿರಬಹುದೆಂಬ ಆಸೆ. ಪ್ರತಿ ರವಿವಾರ ಬೆಳಗಿನ ಗಾಡಿ ಹತ್ತಿ ಘಾಟಿನ ತಲೆಗಿರುವ ಖಂಡಾಳಾಕ್ಕೆ ಹೋಗುವರು. ಸಂಜೆ ಧೋತರದ ಅಂಚಿಗೆ ಕೆಂಪು ಮಣ್ಣು ಮೆತ್ತಿಕೊಂಡು ಬರುವರು.

ಒಮ್ಮೆ ರಾಘಣ್ಣ ಅತ್ತಿಗೆಗೆ ಹೇಳಿದ: “ವೈನಿ, ಸಿಟ್ಟಾಗಬ್ಯಾಡ್ರಿ. ಖಂಡಾಳಾದಾಗ ಗಂಗೂ ಅಂತ ಒಬ್ಬಾಕಿ ಇದ್ದಾಳಂತ. ಅಣ್ಣ ದಿನಪೂರ್ತಿ ಆಕಿ ಗುಡಿಸಲದಾಗ ಕೂತಿರ್ತಾನಂತ. ಸ್ಟೇಷನ್ನಿನ ಮಂದಿ ನಗ್ತಾರ.”

ಅಂಬಾಬಾಯಿ ಗಂಡನನ್ನು ಏನೂ ಕೇಳಲಿಲ್ಲ. ಮುಂದಿನ ರವಿವಾರ ಅವರೇ ಜೋಡು ಮೆಟ್ಟುತ್ತ, “ನೀನೂ ಒಮ್ಮೆ ಬಾ. ಗಂಗೂಬಾಯಿ ನಿನ್ನ ಭಾಳ ಕೇಳ್ತಿರ್ತಾಳ,” ಎಂದರು.

“ನಾ ಯಾಕ ಬರ್ಲಿ? ನಿಮ್ಮ ರೈಲು ನಿಮಗ ಇರ್ಲಿ.”

ಇಷ್ಟು ನಾಚಿಕೆಗೆಟ್ಟ ಗಂಡಸನ್ನು ತಾನು ಕಂಡಿಲ್ಲವೆಂದು ಅವಳು ಅಂದುಕೊಂಡಳು. ಹೆಂಡತಿಗೆ ರೈಲೆಂದರೆ ಸೇರದೆಂದು ಅವರು ತಿಳಿದರು, ಮತ್ತೆ ಕರೆಯಲಿಲ್ಲ. ಆಮೇಲೆ ಅವರಿಬ್ಬರ ನಡುವೆ ಉಳಿದದ್ದು ಊಟ, ಔಷಧದ ಮಾತಷ್ಟೇ.

*

“ಅಲ್ಲೇ ನಿಲ್ಲು,” ಎಂದ ರಾಘಣ್ಣ. “ಒಳಗ ಬರೂಹಂಗಿಲ್ಲ.”

ಅಂಬಾಬಾಯಿ ಎದ್ದು ಹೊಸ್ತಿಲಿಗೆ ಬಂದಳು. ಇಷ್ಟು ವರ್ಷ ಅವಳ ಕಣ್ಣಿಗೆ ಕಟ್ಟಿದ್ದ ಗಂಗೂ ದುಂಡುಮುಖದವಳು, ಅಬ್ಬಲಿಗೆ ಮುಡಿದವಳು. ಎದುರಿಗಿದ್ದವಳು ಬೆನ್ನು ಬಾಗಿದ, ಬೊಚ್ಚುಬಾಯಿಯ ಹಣ್ಣುಮುದುಕಿ. ಅತ್ತೆ ಬದುಕಿದ್ದರೆ ಇದೇ ವಯಸ್ಸಾಗುತ್ತಿತ್ತು.

“ರಾಘಣ್ಣ, ಆಕಿನ್ನ ಬಿಡು.”

“ವೈನಿ, ಮಂದಿ ಏನಂತಾರ?”

“ಅನ್ನೋದೆಲ್ಲಾ ಅಂದು ಮುಗಿಸ್ಯಾರ.”

ಮುದುಕಿ ಬಂದು ಹೆಣದ ಕಾಲ ಬಳಿ ಕೂತಳು. ಅಳಲಿಲ್ಲ. ಮುಖವನ್ನೇ ನೋಡಿ, ಪಾದದಿಂದ ಸರಿದಿದ್ದ ಬಟ್ಟೆಯನ್ನು ಎಳೆದು ಮುಚ್ಚಿದಳು. ಮುಟ್ಟಿಸಿಕೊಂಡ ಹೆಣಕ್ಕೆ ಮತ್ತೊಮ್ಮೆ ನೀರು ಹಾಕಿಸಬೇಕಾಯಿತಲ್ಲ ಎಂದು ಪುರೋಹಿತರು ಗೊಣಗಿದರು. ಅಂಗಳಕ್ಕೆ ತಂದು ಹಾಕಿಸಿದರು. ಗಂಡಸರು ಚಟ್ಟವೆತ್ತಿಕೊಂಡು ಓಂಕಾರೇಶ್ವರದ ಸ್ಮಶಾನದ ಕಡೆ ಹೊರಟರು. ಮೊಮ್ಮಗನೂ ದೂರದಿಂದ ಹಿಂಬಾಲಿಸಿದ.

“ಅವರು ನಿಮ್ಮನ್ನ ಏನ್ ಕೇಳ್ತಿದ್ರು?” ಎಂದಳು ಅಂಬಾಬಾಯಿ, ಮುದುಕಿಯ ಎದುರು ಕೂತು.

“ನಮ್ಮವ್ವನ ಸುದ್ದಿ. ಗುಡ್ಡದಾಗ ಬೋಗದಾ ಕೊರೆಯೋವಾಗ ಮದ್ದು ಸಿಡಿದು ಸತ್ತಳು. ನಾ ಸಣ್ಣಾಕಿ, ಆಕಿ ಹಿಂದಿಂದ ಮಣ್ಣು ಹೊರ್ತಿದ್ದೆ. ಆಕಿ ಏನ್ ಹಾಡ್ತಿದ್ದಳು, ಹೆಂಗ ನಡೀತಿದ್ದಳು, ಎಲ್ಲಾ ಕೇಳೋರು. ನಾ ಮರೆತಿದ್ದೆ, ಕೇಳಿ ಕೇಳಿ ನೆನಪು ಮಾಡಿಸಿದರು.” ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “‘ನಮ್ಮಾಕಿ ಬಂದಾಗ ಇದನ್ನ ಮತ್ತ ಹೇಳಬೇಕು’ ಅಂತಿದ್ರು. ನೀವು ಬರಲೇ ಇಲ್ಲ.”

ನೆಲ ತೊಳೆಯಲು ಕೊಡ ತಂದ ಹೆಂಗಸರು ಅಂಬಾಬಾಯಿ ಏಳಲೆಂದು ಕಾಯುತ್ತಿದ್ದರು.

“ಈಗ ಹೇಳ್ರಿ,” ಎಂದಳು ಕೊನೆಗೆ. “ಹೆಂಗ ನಡೀತಿದ್ದಳು?”

ಮುದುಕಿ ಕಂಬ ಹಿಡಿದು ಎದ್ದು ಅಂಗಳಕ್ಕಿಳಿದಳು. ಒಂದು ಕೈಯೆತ್ತಿ ಇಲ್ಲದ ಬುಟ್ಟಿಯನ್ನು ತಲೆಯ ಮೇಲೆ ಹಿಡಿದಳು. ಬಾಗಿದ ಬೆನ್ನು ತುಸು ನೆಟ್ಟಗಾಯಿತು. ಇನ್ನೊಂದು ಕೈಯನ್ನು ಹಿಂದೆ ಚಾಚಿ, ಬರುತ್ತಿರುವ ಮಗುವಿಗೆ ಹಿಡಿಯಲು ಬೆರಳು ಕೊಟ್ಟು, ಖಾಲಿ ಅಂಗಳದ ಹಸಿ ಕಲ್ಲುಗಳ ಮೇಲೆ ನಿಧಾನವಾಗಿ ಏರು ಹತ್ತತೊಡಗಿದಳು.