ಎಂಟು ದಿನದ ಇಳಿಜಾರು

ಆ ಬೀದಿಯಲ್ಲಿ ಒಂದು ಕಿಟಕಿಯ ಬಣ್ಣ ಬದಲಿಸಬೇಕಾದರೂ ಸಮಿತಿಯ ಅಪ್ಪಣೆ ಬೇಕು. ಮನೆಗಳೆಲ್ಲ ಇನ್ನೂರು ವರ್ಷ ದಾಟಿದವು. ಎಲ್ಲಕ್ಕೂ ಒಂದೇ ಎತ್ತರದ ಮಾಡು, ಒಂದೇ ಅಳತೆಯ ಬಾಗಿಲು, ಬಾಗಿಲ ಮುಂದೆ ಮೂರು ಕಲ್ಲು ಮೆಟ್ಟಿಲು. ಕಟ್ಟಿದವರು ಯಾರೋ, ಕಾಯುವವನು ದೇವರು, ನಡುವೆ ಸಹಿ ಹಾಕುವುದಕ್ಕೊಂದು ಸಮಿತಿ ಎಂದು ಬೀದಿಯವರೇ ನಗುತ್ತಿದ್ದರು.

ಆ ಸಮಿತಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತರಾದವರು ಅದೇ ಬೀದಿಯ ಬಡಗಿಯ ಸೋದರತ್ತೆ. ಬೀದಿಗೆಲ್ಲ ಅವರು ಕಾನೂನಕ್ಕ. ‘ಮುಂಬಾಗಿಲ ಮೆಟ್ಟಿಲುಗಳನ್ನು ಯಾವ ಕಾರಣಕ್ಕೂ ಮುಚ್ಚತಕ್ಕದ್ದಲ್ಲ’ ಎಂಬ ಏಳನೆಯ ನಿಯಮ ಇಂದಿಗೂ ಅವರ ಕೈಬರಹದಲ್ಲೇ ಇದೆ. ಮದುವೆಯಾಗಲಿಲ್ಲ. ತಮ್ಮನ ಮಗನಾದ ಬಡಗಿಯ ಸಂಸಾರವೇ ಅವರ ಸಂಸಾರ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದ ಮೇಲೆ ಗಾಲಿ ಕುರ್ಚಿ ಬಂತು. ಅಂದಿನಿಂದ ಹೊರಗೆ ಹೋಗಬೇಕೆಂದರೆ ಇಬ್ಬರು ಗಂಡಸರು ಕುರ್ಚಿ ಸಮೇತ ಎತ್ತಿ ಇಳಿಸಬೇಕು.

“ಮೂಟೆ ಇಳಿಸಿದ ಹಾಗೆ ಇಳಿಸ್ತೀರಲ್ಲೋ. ತೂಕಾನೂ ಹಾಕಿಬಿಡಿ ಅತ್ಲಾಗೆ,” ಎನ್ನುತ್ತಿದ್ದರು. ಕೊನೆಗೆ ಹೊರಗೆ ಹೋಗುವುದನ್ನೇ ಬಿಟ್ಟರು. ಹಿಂಬಾಗಿಲು ಚರಂಡಿಯ ಕಡೆಗಿತ್ತು, ಅಲ್ಲಿ ಕುರ್ಚಿ ತಿರುಗಿಸಲೂ ಜಾಗವಿರಲಿಲ್ಲ. ಅವರ ಆಸೆ ದೊಡ್ಡದೇನಲ್ಲ. ಬೆಳಿಗ್ಗೆ ಯಾರನ್ನೂ ಕರೆಯದೆ ತಮ್ಮ ಮುಂಬಾಗಿಲಿಂದ ತಾವೇ ಹೊರಟು ಬೀದಿಯ ಕೊನೆಯವರೆಗೆ ಹೋಗಿಬರಬೇಕು, ಅಷ್ಟೇ.

ಮೆಟ್ಟಿಲ ಮೇಲೆ ಇಳಿಜಾರು ಹಾಕಲು ಅಪ್ಪಣೆ ಕೇಳಿ ಬಡಗಿ ಅವರಿಗೆ ಹೇಳದೆಯೇ ಅರ್ಜಿ ಹಾಕಿದ. ಸಮಿತಿಯ ಪದ್ಧತಿಯೊಂದಿದೆ. ಮನೆಗೆ ಏನನ್ನು ಸೇರಿಸಬೇಕೋ ಅದರ ಮಾದರಿಯನ್ನು ಗಳ ಮತ್ತು ಹುರಿಯಲ್ಲಿ ಕಟ್ಟಿ, ಅದೇ ಜಾಗದಲ್ಲಿ ಎಂಟು ದಿನ ನಿಲ್ಲಿಸಬೇಕು. ನೆರೆಹೊರೆಯವರು ನೋಡಬೇಕು, ಆಕ್ಷೇಪಣೆಯಿದ್ದರೆ ಬರೆದು ಕೊಡಬೇಕು. ಎಂಟನೆಯ ದಿನ ಸಮಿತಿ ಆ ಮಾದರಿಯ ಎದುರೇ ಬೆಂಚು ಹಾಕಿಕೊಂಡು ಕೂತು ತೀರ್ಮಾನಿಸುತ್ತದೆ.

ಬಡಗಿ ತಪ್ಪಿದ್ದು ಇಲ್ಲೇ. ಗಳವೂ ಇಲ್ಲ, ಹುರಿಯೂ ಇಲ್ಲ. ಎರಡು ದಿನ ಕೂತು, ಗೋಡೆಗುಂಟ ಹದಿನೆಂಟು ಅಡಿ ಉದ್ದಕ್ಕೆ ದಪ್ಪ ಹಲಗೆ ಹೊಡೆದು, ತಳಕ್ಕೆ ಅಡ್ಡಪಟ್ಟಿ ಕೊಟ್ಟು, ಅಂಚಿಗೆ ಕೈಪಟ್ಟಿ ಕೂರಿಸಿ, ಉಜ್ಜಿ ನುಣುಪು ಮಾಡಿ ನಿಲ್ಲಿಸಿದ.

“ಮಾದರಿ ಅಂದ್ರೆ ಮಾದರಿ ಕಣ್ರೀ,” ಅವನ ಹೆಂಡತಿ ಹಣೆ ಚಚ್ಚಿಕೊಂಡಳು. “ಆನೆ ಇಳಿಸೋ ಹಾಗೆ ಕಟ್ಟಿದೀರಲ್ಲ!”

“ಬಳುಕೋ ಹಲಗೆ ಹೊಡೆಯೋಕೆ ನನಗೆ ಕೈ ಬರಲ್ಲ ಕಣೇ. ನಾಲ್ಕು ಜನ ನೋಡೋ ಕೆಲಸ.”

ಗದ್ದಲ ಕೇಳಿ ಅತ್ತೆ ಬಾಗಿಲಿಗೆ ಬಂದರು. ಹಲಗೆಯನ್ನು ಮೇಲಿಂದ ಕೆಳಗೆ ನೋಡಿದರು.

“ಲೋ, ಇದು ಮಾದರಿ ಅಲ್ಲ. ಅಪ್ಪಣೆ ಇಲ್ಲದೆ ಕಟ್ಟಿದ ಕಟ್ಟಡ. ನಾನಿನ್ನೂ ಗುಮಾಸ್ತೆ ಆಗಿದ್ದಿದ್ರೆ ನಿನಗೆ ನೋಟಿಸು ಕೊಡ್ತಿದ್ದೆ.”

“ಕೊಡಿ ಅತ್ತೆ. ಕೆಳಗಿಳಿದು ಬಂದು ಕೈಗೇ ಕೊಡಿ.”

ಅತ್ತೆ ಕುರ್ಚಿ ತಿರುಗಿಸಿಕೊಂಡು ಒಳಗೆ ಹೋದರು. ಮರುದಿನ ಬೆಳಿಗ್ಗೆ ಹೆಂಡತಿ ಒಲೆ ಹಚ್ಚುವಷ್ಟರಲ್ಲಿ ಬಾಗಿಲು ತೆರೆದಿತ್ತು, ಕುರ್ಚಿ ಇರಲಿಲ್ಲ. ಅವಳು ಗಾಬರಿಯಾಗಿ ಹೊರಗೆ ಓಡಿದರೆ, ಬೀದಿಯ ಕೊನೆಯಲ್ಲಿ, ಹೊಳೆ ಕಾಣುವ ಕಟ್ಟೆಯ ಬಳಿ ಅತ್ತೆ ಕೈಮುಗಿದು ಕೂತಿದ್ದರು. ಒಂದು ವರ್ಷ ಗೋಡೆ ನೋಡುತ್ತ ಮಾಡಿದ ಪ್ರಾರ್ಥನೆಯನ್ನು ಆ ದಿನ ಬಯಲಿನಲ್ಲಿ ಮಾಡಿದರು. ಆಮೇಲೆ ದಿನವೂ ಅದೇ. ಏಳನೆಯ ದಿನದ ಹೊತ್ತಿಗೆ ತರಕಾರಿಯವಳ ಹತ್ತಿರ ಚೌಕಾಸಿ ಮಾಡಿ ಜಗಳವನ್ನೂ ಆಡಿ ಬಂದಿದ್ದರು.

ಅದೇ ಏಳನೆಯ ದಿನ ಎದುರುಮನೆಯ ಗಡಿಯಾರದವನು ಆಕ್ಷೇಪಣೆ ಬರೆದು ಕೊಟ್ಟ.

ಅವನು ಗಡಿಯಾರ ರಿಪೇರಿ ಮಾಡುವವನು, ಮಾತು ಕಡಿಮೆ. ಹನ್ನೊಂದು ವರ್ಷದ ಹಿಂದೆ ಅವನ ತಾಯಿಗೆ ಕಾಲು ಹೋದಾಗ ಇಂಥದೇ ಅರ್ಜಿ ಹಾಕಿದ್ದ. ಏಳನೆಯ ನಿಯಮ ತೋರಿಸಿ ಆಗುವುದಿಲ್ಲವೆಂದು ಉತ್ತರ ಬರೆದವರು ಕಾನೂನಕ್ಕ. ಆ ತಾಯಿ ನಾಲ್ಕು ವರ್ಷ ಕಿಟಕಿಯಲ್ಲಿ ಕೂತಿದ್ದು ತೀರಿಕೊಂಡರು.

ಎಂಟನೆಯ ದಿನ ಮಧ್ಯಾಹ್ನ ಸಮಿತಿಯ ಐವರು ಬೆಂಚಿನ ಮೇಲೆ ಕೂತರು. ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಹಲಗೆಯನ್ನು ಕೋಲಿನಿಂದ ತಟ್ಟಿ ನೋಡಿ, “ಮಾದರಿ ಬಲವಾಗಿದೆಯಪ್ಪ,” ಎಂದರು. ಬಡಗಿ ನೆಲ ನೋಡಿದ.

“ಅಕ್ಕ ಸಮಿತಿಗೆ ಇಷ್ಟು ವರ್ಷ ದುಡಿದವರು. ನಿಯಮ ಹಾಗೇ ಇರಲಿ, ಇವರೊಬ್ಬರಿಗೆ ವಿಶೇಷ ಅಂತ ಅಪ್ಪಣೆ ಕೊಡೋಣ. ಏನಂತೀರಿ?” ಮೂರು ಕೈ ಮೇಲೆದ್ದವು. ಮೂರು ಸಾಕಿತ್ತು.

ಗಡಿಯಾರದವನು ಎದ್ದು ನಿಂತ. “ಇಳಿಜಾರಿಗೆ ನನ್ನ ಅಡ್ಡಿ ಇಲ್ಲ ಮೇಷ್ಟ್ರೇ. ವಿಶೇಷ ಅನ್ನೋದಕ್ಕಿದೆ. ನಮ್ಮಮ್ಮ ವಿಶೇಷ ಆಗಿರ್ಲಿಲ್ವಾ? ಕೊಡೋದಾದ್ರೆ ಆ ನಿಯಮ ತೆಗೆದು ಎಲ್ಲರಿಗೂ ಕೊಡಿ.”

“ನಿಯಮ ತೆಗೆಯೋಕೆ ಮನೆಮನೆಗೂ ಮೂರು ತಿಂಗಳ ನೋಟಿಸು ಕೊಡಬೇಕು. ಆಮೇಲೆ ಬೀದಿ ಸಭೆ. ಅಲ್ಲಿ ಒಪ್ಪದೇ ಇರಬಹುದು. ಅಲ್ಲೀವರೆಗೆ ಅಕ್ಕ ಏನು ಮಾಡ್ಬೇಕು?”

ಎಲ್ಲರೂ ಬೆಂಚಿನ ಪಕ್ಕ ಕುರ್ಚಿಯಲ್ಲಿದ್ದ ಅತ್ತೆಯ ಕಡೆ ತಿರುಗಿದರು. ಅವರು ಎದುರುಮನೆಯ ಕಿಟಕಿಯನ್ನೇ ನೋಡುತ್ತಿದ್ದರೆಂದು ಬಡಗಿಯ ಹೆಂಡತಿ ಆಮೇಲೆ ಹೇಳಿದಳು.

“ಅರ್ಜಿ ವಾಪಸು ತಗೊಳೋ,” ಎಂದರು ಸೋದರಳಿಯನಿಗೆ.

“ಅತ್ತೆ! ಕೈಗೆ ಬಂದಿದೆ, ಬಾಯಿಗೆ ಹಾಕೋದಷ್ಟೇ ಬಾಕಿ!”

“ಬಾಯಿಗೆ ಹಾಕಿದ್ರೂ ಇಳಿಯಲ್ಲ. ನಾನು ದಿನಾ ಅವನ ಮನೆ ಮುಂದೇನೇ ಹೋಗ್ಬೇಕು.”

ಮೇಷ್ಟ್ರು ನಿಟ್ಟುಸಿರಿಟ್ಟು, ಅರ್ಜಿಯ ಮೇಲೆ ‘ಹಿಂಪಡೆಯಲಾಗಿದೆ’ ಎಂದು ಬರೆದರು. ಸಂಜೆಯೊಳಗೆ ಮಾದರಿ ಬಿಚ್ಚಬೇಕೆಂದರು. ನಿಯಮ ಬದಲಿಸುವ ಪ್ರಸ್ತಾವಕ್ಕೆ ಎರಡು ಮನೆಯ ಸಹಿ ಬೇಕೆಂದೂ ಹೇಳಿದರು. ಅದನ್ನು ಅಕ್ಕನಿಗೆ ಹೇಳಬೇಕಾಗಿಯೇ ಇರಲಿಲ್ಲ. ಅವರು ಆಗಲೇ ಮಡಿಲಲ್ಲಿ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದರು. ಬರೆದು ಮುಗಿಸಿ ಗಡಿಯಾರದವನ ಕೈಗೆ ಕೊಟ್ಟರು.

ಅವನು ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಓದಿದ. ನಾಲ್ಕನೆಯ ಸಾಲಿಗೆ ನಿಂತ. ‘ಹನ್ನೊಂದು ವರ್ಷದ ಹಿಂದೆ ಎದುರುಮನೆಯ ಅರ್ಜಿಯನ್ನು ತಿರಸ್ಕರಿಸಿದ್ದು ತಪ್ಪು. ಆ ಉತ್ತರ ಬರೆದವಳು ನಾನು’ ಎಂದಿತ್ತು.

“ಇದನ್ನ ಬರೀರಿ ಅಂತ ಯಾರು ಹೇಳಿದ್ರಕ್ಕ?”

“ಕಾರಣ ಇಲ್ಲದ ಪ್ರಸ್ತಾವ ಸಮಿತಿ ತಗೊಳಲ್ಲಪ್ಪ. ಅದೂ ರೂಲ್ಸು.”

ಅವನು ನಗಲಿಲ್ಲ. ಹಾಳೆಯನ್ನು ಕೈಪಟ್ಟಿಯ ಮೇಲಿಟ್ಟು ಸಹಿ ಹಾಕಿ ಮನೆಗೆ ನಡೆದ. ಅರ್ಧ ಬೀದಿ ದಾಟಿದವನು ತಿರುಗಿ ಬಂದು, “ಮೊಳೆ ಕೀಳೋಕೆ ಇನ್ನೊಂದು ಕೈ ಬೇಕಾ?” ಎಂದು ಬಡಗಿಯನ್ನು ಕೇಳಿದ.

“ಬೇಕು,” ಎಂದು ಬಡಗಿ ಬಾಗಿ, ಕೆಳಗಿನ ಹಲಗೆಗೆ ಸುತ್ತಿಗೆಯ ಕೊಕ್ಕೆ ಹಾಕಿದ.

“ತಡಿಯೋ, ಅವಸರದವನೇ!” ಅತ್ತೆ ಕೂಗಿದರು. “ನಾನಿನ್ನೂ ಬೀದೀಲೇ ಇದೀನಿ.”

ಇಬ್ಬರೂ ಪಕ್ಕಕ್ಕೆ ಸರಿದರು. ಅತ್ತೆ ಎರಡೂ ಗಾಲಿಗೆ ಕೈಕೊಟ್ಟು, ನಡುವೆ ಒಮ್ಮೆ ನಿಂತು ಉಸಿರೆಳೆದುಕೊಂಡು, ಯಾರ ನೆರವೂ ಇಲ್ಲದೆ ಮೇಲೆ ಹತ್ತಿದರು. ಹೊಸ್ತಿಲು ದಾಟಿ ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿಕೊಂಡು, “ಹೂಂ, ಈಗ ಕೀಳಿ,” ಎಂದರು.