ಉಳಿಸಿಟ್ಟದ್ದು

"ಅದು ಮುಗಿದುಹೋಯ್ತಲ್ಲಮ್ಮ."

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದು ಸುಳ್ಳೆಂದು ಕಾಂತರಾಜುವಿಗೆ ಹೊಳೆದದ್ದು. ಫೋನಿನ ಆ ತುದಿಯಲ್ಲಿ ಮಗಳು ಇಂಚರಾ ಸುಮ್ಮನಾದಳು. ಈ ತುದಿಯಲ್ಲಿ, ಅಡಿಗೆಮನೆಯ ಗೋಡೆಗೆ ಒರಗಿ ಹೂ ಕಟ್ಟುತ್ತಿದ್ದ ಅತ್ತೆ ಇಂದ್ರಮ್ಮನ ಕೈಯೂ ನಿಂತಿತು.

"ಪೂರ್ತಿನಾ ಅಪ್ಪ? ಅಮ್ಮ ಅಷ್ಟೊಂದು ಹಿತಕಿ ಇಟ್ಟಿದ್ಲಲ್ಲ."

"ನೋಡ್ತೀನಿ."

"ಮುಗಿದುಹೋಯ್ತು ಅಂದ್ರಿ. ಈಗ ನೋಡ್ತೀನಿ ಅಂತೀರಿ."

"ಸಂಜೆ ಬಾ. ಏನೋ ಒಂದು ಮಾಡೋಣ."

"ಸಂಜೆನಾ? ನಿಮ್ಮ ಮನೇಲಿ ಸಂಜೆ ಕಾಲಿಟ್ರೆ ಎದುರಿಗಿರೋರ ಮುಖ ಕಾಣಲ್ಲ."

ಅವಳು ನಕ್ಕಳು. ಅವನೂ ನಗಬೇಕೆಂದುಕೊಳ್ಳುವಷ್ಟರಲ್ಲಿ ಫೋನು ಇಟ್ಟಿದ್ದಳು.

ಇಂಚರಾ ಕೆಂಗೇರಿಯಲ್ಲಿ ಗಂಡನ ಮನೆಯಲ್ಲಿದ್ದಳು. ಐದು ತಿಂಗಳ ಬಸುರಿ. ಒಂದು ವಾರದಿಂದ ಅವಳ ಬಾಯಿಗೆ ಬೇರೇನೂ ಸೇರುತ್ತಿರಲಿಲ್ಲ. ಹಿತಕಿದ ಬೇಳೆ ಸಾರು ಬೇಕು, ಅದೂ ಅಮ್ಮ ಹಿತಕಿಟ್ಟ ಬೇಳೆಯದೇ ಬೇಕು. ಶ್ರಾವಣದಲ್ಲಿ ಅವರೆಕಾಯಿ ಎಲ್ಲಿಂದ ಬರಬೇಕು? ಸಂಕ್ರಾಂತಿಯ ಹೊತ್ತಿಗೆ ಅವನ ಹೆಂಡತಿ ವಿಜಯಶ್ರೀ ಮಾಗಡಿ ಕಡೆಯ ಕಾಯಿ ಮೂಟೆಯಲ್ಲಿ ತರಿಸಿ, ಟಿವಿಯ ಮುಂದೆ ತಾಯಿ ಇಂದ್ರಮ್ಮನ ಜೊತೆ ಕೂತು ಸುಲಿದು, ನೆನೆಹಾಕಿ, ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿತಕಿ, ಕವರಿಗೆ ತುಂಬಿ ಫ್ರೀಜರಿನಲ್ಲಿ ಇಟ್ಟಿದ್ದಳು. ಶಿವರಾತ್ರಿಗೆ ಅವಳೇ ಇರಲಿಲ್ಲ. ಕವರು ಇತ್ತು.

"ಉಳಿಸಿಕೊಳ್ಳೋಕೆ ಆಗ್ಲಿಲ್ಲ," ಎಂದಿದ್ದರು ಡಾಕ್ಟರು, ಹೊರಗೆ ಬಂದು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ಕಾಂತರಾಜುವಿಗೆ ಆ ಕ್ರಿಯಾಪದ ವಿಚಿತ್ರವಾಗಿ ಕಂಡಿತ್ತು. ಅವನು ಅದನ್ನು ದುಡ್ಡಿಗೆ ಮಾತ್ರ ಬಳಸುತ್ತಿದ್ದ.

ಹದಿಮೂರು ದಿನ ಮನೆಯಲ್ಲಿ ನೆಂಟರು ಪುರಾಣ ಕೇಳಿದರು. ಅವನು ಹೊಸ ಕರೆಂಟು ಮೀಟರಿನ ಜೊತೆ ಬಂದ ಕಾಗದವನ್ನು ಓದಿದ. ಹೊತ್ತಿಗೊಂದು ದರ. ರಾತ್ರಿ ಸೋವಿ, ಹಗಲು ನಡುವೆ, ಸಂಜೆ ಆರರಿಂದ ಹತ್ತರವರೆಗೆ ‘ಪೀಕ್’, ಎಂದರೆ ದುಬಾರಿ. ಇಡೀ ಊರು ಮನೆಗೆ ಬಂದು ದೀಪ ಹಾಕುವ ಹೊತ್ತು ಅದು. ಹಾಗಾದರೆ ಆ ಹೊತ್ತಿನಲ್ಲಿ ಏನೂ ಹಾಕದಿದ್ದರೆ ಆಯಿತು. ಸಾವಿನ ಮನೆಯಲ್ಲಿ ಕೂತವನಿಗೆ ಇಷ್ಟು ಸರಳವಾದ ವಿಷಯ ಬೇರೆ ಯಾವುದೂ ಕಾಣಲಿಲ್ಲ. ಕಾಗದಕ್ಕೆ ಸಹಿ ಹಾಕಿ ಕಳಿಸಿದ.

ದರದ ಪಟ್ಟಿಯನ್ನು ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ. ಆ ಕ್ಯಾಲೆಂಡರಿನಲ್ಲಿ ವಿಜಯಶ್ರೀ ರಾಹುಕಾಲಕ್ಕೆ ಕೆಂಪು ಗೆರೆ ಎಳೆಯುತ್ತಿದ್ದಳು. ರಾಹುವಿಗೆ ಗಡಿಯಾರ ಕೊಡಿಸಿದವರು ಯಾರೇ ಎಂದು ಅವನು ಮದುವೆಯಾದಾಗಿನಿಂದ ಹಾಸ್ಯ ಮಾಡಿದ್ದ. ಈಗ ಆರು ಹೊಡೆದರೆ ಗೀಸರು, ವಾಷಿಂಗ್ ಮೆಷಿನ್ನು, ಮಿಕ್ಸಿ, ದೀಪದ ಸ್ವಿಚ್ಚು ಯಾವುದನ್ನೂ ಅವನು ಮುಟ್ಟುತ್ತಿರಲಿಲ್ಲ. ಬೇರೆಯವರು ಮುಟ್ಟಿದರೆ ಮಡಿ ಕೆಟ್ಟಂತೆ ಹಾರಿಬೀಳುತ್ತಿದ್ದ.

ಇಂದ್ರಮ್ಮ ಎದುರಾಡಲಿಲ್ಲ. ಅವರ ಗಂಡ ಬಿನ್ನಿಪೇಟೆಯ ಮಿಲ್ಲಿನಲ್ಲಿ ನೂಲುವ ಕೆಲಸ ಮಾಡಿ ಸತ್ತವರು. "ನಮ್ಮ ಕಾಲದಲ್ಲಿ ಮನುಷ್ಯರಿಗೆ ನೈಟ್ ಶಿಫ್ಟ್ ಇತ್ತಪ್ಪ," ಎಂದರು. "ಈಗ ಮಿಕ್ಸಿಗೆ ಬಂತು." ಒಂದೇ ಒಂದು ಸಲ ಮಾತ್ರ ಕೇಳಿದರು: "ಮುಸ್ಸಂಜೆ ಹೊತ್ತಲ್ಲಿ ಮನೆ ಕತ್ತಲಾಗಿದ್ರೆ ಲಕ್ಷ್ಮಿ ಎಡವಿ ಬೀಳಲ್ವಾ?"

"ಹತ್ತರ ಮೇಲೆ ಬರ್ಲಿ ಬಿಡಿ," ಎಂದಿದ್ದ ಅವನು.

ಫ್ರಿಜ್ಜಿಗೂ ಒಂದು ಟೈಮರು ತಂದು ಸಿಕ್ಕಿಸಿದ್ದ. ಆರಕ್ಕೆ ಟಕ್ಕೆಂದು ನಿಲ್ಲುತ್ತಿತ್ತು, ಹತ್ತಕ್ಕೆ ಗುರ್ರೆಂದು ಏಳುತ್ತಿತ್ತು. ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ಒಳಗಿನ ತಂಪು ಎಲ್ಲಿಯೂ ಹೋಗುವುದಿಲ್ಲ. ಲೆಕ್ಕ ಸರಿಯಾಗಿತ್ತು. ಆರರ ಮೇಲೆ ಫ್ರಿಜ್ಜು ತೆಗೆಯಬಾರದೆಂದು ಅತ್ತೆಗೆ ಹೇಳಿಯೂ ಇದ್ದ.

ಆಷಾಢದ ಒಂದು ಬೆಳಿಗ್ಗೆ ಅವನು ಬೇರೇನನ್ನೋ ಹುಡುಕುತ್ತ ಫ್ರೀಜರು ತೆಗೆದಾಗ ಕವರು ಕೈಗೆ ತಗುಲಿತ್ತು. ಬಿಡಿಬಿಡಿಯಾಗಿದ್ದ ಬೇಳೆ ಒಂದೇ ಗಟ್ಟಿಯಾಗಿ ಕಲ್ಲಿನಂತಾಗಿತ್ತು. ಅದರ ಒಂದು ಮಗ್ಗುಲಿಗೆ ನಾಲ್ಕು ಕುಳಿ, ಎದುರು ಮಗ್ಗುಲಿಗೆ ಒಂದು ಕುಳಿ. ಹಿಡಿದುಕೊಂಡವನಿಗೆ ತಕ್ಷಣ ತಿಳಿಯಿತು. ಕವರಿನ ಗಾಳಿ ಹೊರಡಿಸಲು ಗಂಟು ಹಾಕುವ ಮೊದಲು ಅವಳು ಒತ್ತಿ ಹಿಡಿದಿದ್ದಳು. ಬೆರಳು ಹಾಗೆಯೇ ಉಳಿದಿತ್ತು.

ಅಲ್ಲಿಯವರೆಗೆ ಅದು ಕಣ್ಣಿಗೆ ಏಕೆ ಬಿದ್ದಿರಲಿಲ್ಲ ಎಂಬ ಪ್ರಶ್ನೆಯನ್ನು, ವಿದ್ಯಾರ್ಥಿಗಳಿಗೆ ದಿನವೂ ಪ್ರಶ್ನೆ ಕೇಳುವ ಅವನು, ಕೇಳಿಕೊಳ್ಳಲಿಲ್ಲ. ಅಂದಿನಿಂದ ಅತ್ತೆ ಸ್ನಾನಕ್ಕೆ ಹೋದ ಮೇಲೆ ಫ್ರೀಜರು ತೆಗೆದು ಆ ಕುಳಿಗಳಲ್ಲಿ ತನ್ನ ಬೆರಳಿಟ್ಟು ಕೈ ಮರಗಟ್ಟುವವರೆಗೆ ನಿಲ್ಲುತ್ತಿದ್ದ. ಆಮೇಲೆ ಕಾಲೇಜಿಗೆ ಹೋಗುತ್ತಿದ್ದ. ದೇವಸ್ಥಾನದ ಮೆಟ್ಟಿಲು ಹತ್ತದವನು ಅದಕ್ಕೆ ಯಾವ ಹೆಸರನ್ನೂ ಕೊಟ್ಟಿರಲಿಲ್ಲ.

ಇವತ್ತು ಸಾರು ಮಾಡಿದರೆ ಅದು ಕರಗಿಹೋಗುತ್ತದೆ. ಮಗಳ ಬಯಕೆ ತೀರುತ್ತದೆ, ಹೆಂಡತಿಯ ಕೈ ಹೋಗುತ್ತದೆ.

ತರಗತಿಯಲ್ಲಿ ಅಂದು ಅವಕಾಶ ವೆಚ್ಚದ ಪಾಠವಿತ್ತು. ಒಂದನ್ನು ಪಡೆದರೆ ಬಿಟ್ಟುಕೊಟ್ಟ ಇನ್ನೊಂದೇ ಅದರ ಬೆಲೆ ಎಂದು ವಿವರಿಸಿದ.

"ಎರಡೂ ಬೇಕು ಅಂದ್ರೆ ಸಾರ್?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಹೆಂಡತೀನ ಕೇಳ್ಬೇಕು ಮಗಾ," ಎಂದು ಇನ್ನೊಬ್ಬ ಮೆಲ್ಲಗೆ ಅಂದ. ಎಲ್ಲರೂ ನಕ್ಕರು. ಮುಂದಿನ ಬೆಂಚಿನ ಹುಡುಗಿ ಅವರತ್ತ ತಿರುಗಿ ಕಣ್ಣು ಬಿಟ್ಟಳು, ಅವಳಿಗೆ ವಿಷಯ ಗೊತ್ತಿತ್ತು. ನಗು ತಟ್ಟನೆ ನಿಂತದ್ದು ಕಾಂತರಾಜುವಿಗೆ ನಗುವಿಗಿಂತ ಹೆಚ್ಚು ಹಿಂಸೆಯಾಯಿತು.

ಮಧ್ಯಾಹ್ನ ರಜೆ ಹಾಕಿ ವಿಜಯನಗರದ ಮಾರ್ಕೆಟ್ಟಿಗೆ ಹೋದ. ಒಂದು ಗಾಡಿಯಲ್ಲಿ ಸುಲಿದ ಅವರೆಕಾಳು ಸಿಕ್ಕಿತು. ದಪ್ಪ ಕಾಳು. ಮೂಗಿನ ಹತ್ತಿರ ಹಿಡಿದರೂ ಯಾವ ವಾಸನೆಯೂ ಬರಲಿಲ್ಲ.

"ಸೊಗಡಿಲ್ವಲ್ಲಮ್ಮ."

"ಸೊಗಡು ಬೇಕಂದ್ರೆ ಚಳಿಗಾಲಕ್ಕೆ ಬನ್ನಿ ಸಾರ್," ಎಂದಳು ಗಾಡಿಯವಳು. "ಇದು ಅವರೆ ಅಂತ ಹೆಸರಿಟ್ಕೊಂಡಿದೆ ಅಷ್ಟೆ."

ಚಳಿಗಾಲಕ್ಕೆ ಮಗುವೇ ಬಂದುಬಿಟ್ಟಿರುತ್ತದೆ ಎಂದುಕೊಂಡು ಅವನು ಅದನ್ನೇ ಕೊಂಡ.

ಕಾಳು ಬಿಸಿನೀರಿನಲ್ಲಿ ನೆನೆಯಿತು. ನಾಲ್ಕು ಹೊಡೆಯುವ ಹೊತ್ತಿಗೆ ಅಳಿಯ ಅತ್ತೆ ಇಬ್ಬರೂ ತಟ್ಟೆಯ ಎರಡು ಕಡೆ ಕೂತು ಹಿತಕತೊಡಗಿದರು. ವಿಜಯಶ್ರೀ ಕೂರುತ್ತಿದ್ದ ಜಾಗದಲ್ಲಿ ತಾನು ಕೂತಿದ್ದೇನೆಂದು ಅವನಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು. ಆದರೂ ಏಳಲಿಲ್ಲ.

"ಹಂಗೆ ಜಜ್ಜಬಾರದು. ತುದಿ ಹಿಡಿದು ಒತ್ತಿ, ತಾನೇ ಜಾರುತ್ತೆ," ಎಂದರು ಇಂದ್ರಮ್ಮ. ಸ್ವಲ್ಪ ಹೊತ್ತಾದ ಮೇಲೆ, "ಇದು ಅದಲ್ಲ," ಎಂದರು.

"ಅವಳಿಗೆ ಗೊತ್ತಾಗಲ್ಲ ಬಿಡಿ ಅತ್ತೆ."

"ನಾಲಿಗೆಗೆ ಗೊತ್ತಾಗದೆ ಇರಬಹುದು. ಹೊಟ್ಟೇಲಿರೋದಕ್ಕೆ ಗೊತ್ತಾಗುತ್ತೆ."

ಅವನು ಇನ್ನೊಂದು ಕಾಳನ್ನು ಹಿತಕಿದ.

"ಮುಗಿದುಹೋಯ್ತು ಅಂದ್ರಿ ಬೆಳಿಗ್ಗೆ."

"ಹೂಂ."

"ಇದೆಯಲ್ಲ."

"ಹಳೇದಲ್ವಾ. ಬಸುರಿ ಹೆಂಗಸು ತಿನ್ನಬಾರದು."

"ಹೌದೌದು. ಹಳೇದು," ಎಂದುಬಿಟ್ಟರು ಇಂದ್ರಮ್ಮ. "ತಿನ್ನಬಾರದು."

ಆಕೆ ಅಷ್ಟು ಬೇಗ ಒಪ್ಪಿದ್ದು ಅವನಿಗೆ ಸೋಜಿಗವಾಯಿತು. ತಲೆಯೆತ್ತಿ ನೋಡಿದ. ಆಕೆ ತಟ್ಟೆಯನ್ನೇ ನೋಡುತ್ತಿದ್ದರು.

ಆರರೊಳಗೆ ಮಸಾಲೆ ರುಬ್ಬಿ, ಸಾರು ಇಳಿಸಿ ಆಯಿತು. ಅವನು ಒಂದೊಂದೇ ಸ್ವಿಚ್ಚು ಆರಿಸುತ್ತ ಬಂದ. ಟೈಮರು ಟಕ್ಕೆಂದಿತು. ಫ್ರಿಜ್ಜು ಒಮ್ಮೆ ಮೈ ನಡುಗಿಸಿ ಸುಮ್ಮನಾಯಿತು. ರಸ್ತೆಯ ಎಲ್ಲ ಮನೆಗಳಲ್ಲೂ ದೀಪ ಹತ್ತಿದವು. ಅವುಗಳ ನಡುವೆ ಈ ಮನೆ ಉದುರಿದ ಹಲ್ಲಿನ ಸಂದಿನ ಹಾಗೆ ಕಂಡಿರಬೇಕು.

ಬೇರೆ ದಿನವಾದರೆ ಈ ಹೊತ್ತಿಗೆ ಅವನು ಚಪ್ಪಲಿ ಮೆಟ್ಟಿ ಹೊರಟಿರುತ್ತಿದ್ದ. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನ ಕೆಳಗೆ, ಬೇರೆಯವರ ಬೆಳಕಿನಲ್ಲಿ, ಊಟದ ಹೊತ್ತಿನವರೆಗೆ ಸುಮ್ಮನೆ ಅಡ್ಡಾಡುತ್ತಿದ್ದ. ಈ ಹೊತ್ತಿನಲ್ಲಿ ತನ್ನ ಮನೆ ಹೇಗಿರುತ್ತದೆಂದು ಅವನು ನೋಡಿದ್ದೇ ಇಲ್ಲ. ಇವತ್ತು ಮಗಳು ಬರುವವಳಿದ್ದಾಳೆಂದು ನಡುಮನೆಯ ಕತ್ತಲಲ್ಲಿ ಕುರ್ಚಿಯ ಮೇಲೆ ಕೂತ.

ಇಂದ್ರಮ್ಮ ದೇವರ ಮುಂದೆ ಎಣ್ಣೆಯ ದೀಪ ಹಚ್ಚಿದರು. ಆ ದೀಪ ಯಾವ ದರಕ್ಕೂ ಸೇರಿದ್ದಲ್ಲ. ಅದರ ಬೆಳಕು ಫ್ರಿಜ್ಜಿನವರೆಗೂ ಬರುತ್ತಿತ್ತು. ಆಮೇಲೆ, ಅಳಿಯ ಹೊರಗೆ ಹೋಗಿದ್ದಾನೆಂಬ ರೂಢಿಯಲ್ಲಿ, ನೇರವಾಗಿ ಫ್ರಿಜ್ಜಿನ ಹತ್ತಿರ ಹೋಗಿ ಬಾಗಿಲು ತೆಗೆದರು. ಹೂವಿಗೆ ಎಂದುಕೊಂಡ ಅವನು. ಕೂಗಬೇಕೆಂದು ಬಾಯಿ ತೆರೆದ.

ಆಕೆ ಹೂವನ್ನು ತೆಗೆಯಲಿಲ್ಲ. ಮೇಲಿನ ಪುಟ್ಟ ಬಾಗಿಲನ್ನು ತೆಗೆದು ಕವರನ್ನು ಈಚೆಗೆ ತೆಗೆದುಕೊಂಡರು. ಬಲಗೈಯಲ್ಲಿ ಹಿಡಿದರು. ಹುಡುಕದೆ, ತಡಕದೆ, ಬಳಸಿ ಸವೆದ ಹಿಡಿಕೆಗೆ ಹೋಗುವಂತೆ ಬೆರಳುಗಳು ತಾವಾಗಿ ಕುಳಿಗಳೊಳಗೆ ಹೋದವು. ಒತ್ತಿ ಹಿಡಿದು ನಿಂತರು. ಬಹಳ ಹೊತ್ತು ನಿಂತರು. ತುಟಿ ಆಡುತ್ತಿತ್ತು. ದೇವರ ನಾಮವೋ ಮಗಳ ಹೆಸರೋ ಕೇಳಿಸಲಿಲ್ಲ. ಆಮೇಲೆ ಅದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಒಳಗಿಟ್ಟು, ಬಾಗಿಲು ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡರು.

ಕಾಂತರಾಜುವಿನ ಬಾಯಿ ತೆರೆದೇ ಇತ್ತು.

ದಿನವೂ ಸಂಜೆ ಅವನು ಆರಿಸಿದ. ದಿನವೂ ಸಂಜೆ ಆಕೆ ತೆಗೆದು ಹಿಡಿದುಕೊಂಡರು. ಹಿಡಿದ ಕೈಯ ಬಿಸಿಗೆ ಅದು ಮೆತ್ತಗಾಯಿತು, ಹತ್ತರ ಮೇಲೆ ಸೋವಿ ಕರೆಂಟಿನಲ್ಲಿ ಹಾಗೆಯೇ ಹೆಪ್ಪುಗಟ್ಟಿತು. ಬೆಳಿಗ್ಗೆ ಎದ್ದು ತಾನು ಹಿಡಿದುಕೊಂಡದ್ದು ಅತ್ತೆಯ ಕೈ. ಅವನಿಗೆ ನಗು ಬಂದಂತಾಯಿತು.

ಗೇಟು ಸದ್ದಾಯಿತು.

"ಪೀಕಾ?" ಎಂದಳು ಇಂಚರಾ ಬಾಗಿಲಲ್ಲಿ ನಿಂತು.

"ಪೀಕು," ಎಂದ ಕಾಂತರಾಜು.

"ಅಜ್ಜಿ, ನಿನ್ನ ಮುಖ ಎಲ್ಲಿದೆಯೇ? ದೀಪ ಹಿಡ್ಕೊಂಡು ಬಾ, ನೋಡ್ತೀನಿ."

ಇಂದ್ರಮ್ಮ ಮೊಮ್ಮಗಳ ಕೆನ್ನೆ ಸವರಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಬಡಿಸಿದರು. ಬಿಸಿ ಅನ್ನ, ಸಾರು, ಮೇಲೆ ತುಪ್ಪ. ಇಂಚರಾ ಒಂದು ತುತ್ತು ಬಾಯಿಗಿಟ್ಟು ಮೆಲ್ಲಗೆ ಅಗಿದಳು.

"ಚೆನ್ನಾಗಿದೆ," ಎಂದಳು.

ಎರಡನೆಯ ತುತ್ತನ್ನು ಕಲಸಿದಳು, ಕಲಸುತ್ತಲೇ ಇದ್ದಳು. ಕತ್ತಲಲ್ಲಿ ಬೆರಳಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಕೈ ತೊಳೆದು, ತಣ್ಣೀರು ಬೇಕೆಂದು ಫ್ರಿಜ್ಜಿನ ಬಾಗಿಲು ತೆಗೆದಳು. ಅಪ್ಪನಾಗಲಿ ಅಜ್ಜಿಯಾಗಲಿ ತಡೆಯಲಿಲ್ಲ. ಮೇಲಿನ ಬಾಗಿಲು ತೆಗೆದ ಸದ್ದೂ ಕೇಳಿಸಿತು.

"ಇದೆಯಲ್ಲಪ್ಪ," ಎಂದಳು ಅವಳು, ಯಾರನ್ನೂ ದೂರದೆ.

ಕವರನ್ನು ಅಡಿಗೆಕಟ್ಟೆಯ ಮೇಲಿಟ್ಟಳು. ಅಜ್ಜಿ ದೇವರ ಮುಂದಿನಿಂದ ತಂದುಕೊಟ್ಟ ದೀಪವನ್ನು ತೆಗೆದುಕೊಂಡು ಹತ್ತಿರ ಹಿಡಿದು, ಬಾಗಿ ನೋಡಿದಳು.

"ಅಪ್ಪ, ಬನ್ನಿ ಇಲ್ಲಿ. ಅಮ್ಮನ ಬೆರಳು."

ಅವನು ಎದ್ದು ಬಂದ. ಇಂದ್ರಮ್ಮ ತಮ್ಮ ಬಲಗೈಯನ್ನು ನಿಧಾನವಾಗಿ ಸೆರಗಿನೊಳಗೆ ಎಳೆದುಕೊಂಡರು. ಅವರ ಕಣ್ಣು ಅವನ ಕಣ್ಣನ್ನು ಒಂದು ಕ್ಷಣ ಹಿಡಿಯಿತು. ನೋಡಿದಿರಾ ಎಂದು ಕೇಳಿತೋ, ಹೇಳಬೇಡಿ ಎಂದು ಬೇಡಿತೋ, ದೀಪ ಅಲುಗಿದ್ದರಿಂದ ತಿಳಿಯಲಿಲ್ಲ.

ಇಂಚರಾ ಕುಳಿಗಳಲ್ಲಿ ತನ್ನ ಬೆರಳಿಟ್ಟು ನೋಡಿದಳು. "ನಂಗೆ ದೊಡ್ಡದು," ಎಂದಳು. "ಅಮ್ಮನ ಕೈ ಇಷ್ಟು ದಪ್ಪ ಇತ್ತಾ ಅಜ್ಜಿ?"

"ಕೆಲಸ ಮಾಡಿದ ಕೈ ಅಲ್ವೇನೇ," ಎಂದರು ಇಂದ್ರಮ್ಮ.

ಕವರಿನ ಗಂಟು ಸಡಿಲವಾಗಿತ್ತು. ಅಲ್ಲಿಂದ ಹುಳಿಹುಳಿಯಾದ ಒಂದು ವಾಸನೆ ಮೆಲ್ಲಗೆ ಎದ್ದಿತು. ಬಸುರಿಯ ಮೂಗಿಗೆ ಅದು ಎಲ್ಲರಿಗಿಂತ ಮೊದಲು ತಾಗಿರಬೇಕು. ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿ, ದುಪಟ್ಟದ ತುದಿ ಮೂಗಿಗೆ ಹಿಡಿದು ಒಂದು ಸಲ ಓಕರಿಸಿದಂತೆ ಮಾಡಿದಳು. ಆದರೆ ಕೈಯನ್ನು ಅದರ ಮೇಲಿಂದ ತೆಗೆಯಲಿಲ್ಲ.

"ನಂಗೆ ಸಾರು ಬೇಡ," ಎಂದಳು. "ಇದನ್ನ ಬೇಯಿಸೋದು ಬೇಡ. ಹಿಂಗೇ ಇಟ್ಟುಬಿಡೋಣ. ಮಗೂಗೆ ತೋರಿಸ್ತೀನಿ." ಮತ್ತೆ, "ಕರಗ್ತಾ ಇದೆಯಪ್ಪ. ಫ್ರಿಜ್ ಹಾಕಿ ಬೇಗ."

ಟೈಮರು ಅವನ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅದನ್ನು ಕಿತ್ತು ಪ್ಲಗ್ಗನ್ನು ನೇರವಾಗಿ ಗೋಡೆಗೆ ಸಿಕ್ಕಿಸಿದರೆ ಮುಗಿಯಿತು. ಅವನು ಕೈ ಚಾಚಿದ. ಚಾಚಿದ ಕೈಯನ್ನು ನೋಡಿದ. ಯಾವುದನ್ನು ಉಳಿಸಬೇಕು? ಯಾರದ್ದನ್ನು?

"ಹತ್ತಾಗಲಿ," ಎಂದಿತು ಅವನ ಬಾಯಿ.

ಮಾತು ತನ್ನದೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಂಚರಾ ಅಪ್ಪನ ಕಡೆ ತಿರುಗಲಿಲ್ಲ. ಇಂದ್ರಮ್ಮ ಸೆರಗಿನೊಳಗಿನ ಕೈಯನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡರು. ಮೂವರೂ ಕಟ್ಟೆಯ ಸುತ್ತ ನಿಂತರು, ಹೆಣವನ್ನು ಮಲಗಿಸಿದಾಗ ನಿಂತಿದ್ದ ಹಾಗೆಯೇ. ದೀಪವೂ ಅದೇ ಇತ್ತು.

ಕವರಿನ ಮೈಯೆಲ್ಲ ಬೆವರಿ ನೀರು ಕುಳಿಗಳಿಗೆ ಇಳಿಯಿತು. ನಾಲ್ಕು ಕುಳಿಯಲ್ಲೂ ನೀರು ನಿಂತು, ನಾಲ್ಕರಲ್ಲೂ ಒಂದೊಂದು ಪುಟ್ಟ ದೀಪ ಉರಿಯಿತು. ಮೊದಲು ಕಿರುಬೆರಳಿನ ಕುಳಿ ಸಡಿಲಿ ಮುಚ್ಚಿಕೊಂಡಿತು. ಆಮೇಲೆ ಅದರ ಪಕ್ಕದ್ದು. ನೀರು ಕಟ್ಟೆಯ ಅಂಚಿಗೆ ಬಂದು, ಅಲ್ಲಿ ಸ್ವಲ್ಪ ತಡೆದು, ಕತ್ತಲಲ್ಲಿ ಎಲ್ಲೋ ನೆಲಕ್ಕೆ ತೊಟ್ಟಿಕ್ಕತೊಡಗಿತು.