ಮಗ್ಗ ನಿಂತ ಮೇಲಿನ ನೋವು

ಸಂಧ್ಯಾ ಬೆಳಗಿನಿಂದ ಮೂರನೆಯ ಸಲ ಅತ್ತೆ ಮರೆವ್ವನ ವಾಂತಿ ಒರೆಸುತ್ತಿದ್ದಳು. ಆ ನಾತಕ್ಕಿಂತ ಹೆಚ್ಚು ಹೇಸಿಕೆ ಬಂದದ್ದು, ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತ ಗಂಡ ಬಾಳೇಶನನ್ನು ಕಂಡು. ಹೆತ್ತ ತಾಯಿ ಒದ್ದಾಡುತ್ತಿದ್ದರೂ ಕಡ್ಡಿ ಎತ್ತಿ ಇತ್ತಿಂದತ್ತ ಇಡುವವನಲ್ಲ.

"ಪಿತ್ತ ಏರೇತಿ. ಲಿಂಬಿಹಣ್ಣ ಹಿಂಡಿ ಕುಡಸು," ಅಂದ. "ಮ್ಯಾಲೊಂದ್ ಗುಳಿಗಿ ಕೊಡು. ಮಗ್ಗದ ತಲಿಶೂಲಿ, ಹೋಗ್ತೈತಿ."

ಬನಹಟ್ಟಿಯ ಅವರ ಓಣಿಯಲ್ಲಿ ತಲೆನೋವನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಮನೆಮನೆಯಲ್ಲೂ ಪವರ್‌ಲೂಮ್ ಬಡಿದುಕೊಳ್ಳುವಾಗ ತಲೆ ನೋಯದಿದ್ದರೇ ಸೋಜಿಗ. ಚಹಾದೊಂದಿಗೆ ಗುಳಿಗೆ ನುಂಗುವುದು, ಮತ್ತೆ ಕೆಲಸಕ್ಕೆ ಕೂರುವುದು. ಮರೆವ್ವನೂ ನಲವತ್ತು ವರ್ಷ ಹಾಗೆಯೇ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿದವಳು. ಇಪ್ಪತ್ತು ದಿನದ ಹಿಂದೆ ಬಚ್ಚಲಲ್ಲಿ ಜಾರಿಬಿದ್ದು ಗೋಡೆಗೆ ತಲೆ ಬಡಿದಾಗಲೂ, ರಕ್ತ ಬರಲಿಲ್ಲವೆಂದು ಮನೆಯವರು ಸುಮ್ಮನಾದರು. ಸಂಧ್ಯಾಳೂ ಸುಮ್ಮನಾದಳು. ಅಂದಿನಿಂದ ನೋವು ಏರಿತು, ಗುಳಿಗೆಯೂ ಏರಿತು.

ಅರಿವೆ ಹಿಂಡುತ್ತಿದ್ದ ಸಂಧ್ಯಾಳಿಗೆ ಓಣಿಯ ಮೌನ ಒಮ್ಮೆಲೇ ಕಿವಿಗೆ ಬಿತ್ತು. ಟ್ರಾನ್ಸ್‌ಫಾರ್ಮರ್ ಸುಟ್ಟು ಮೊನ್ನೆಯಿಂದ ಕರೆಂಟಿಲ್ಲ. ಎಲ್ಲೂ ಒಂದು ಮಗ್ಗದ ಸದ್ದಿಲ್ಲ.

"ರೀ, ಮಗ್ಗ ನಿಂತು ಎರಡ್ ದಿನಾ ಆತು. ಮತ್ತ ಇದು ಯಾವ ಮಗ್ಗದ ಶೂಲಿ?"

ಬಾಳೇಶ ಉರಿಯದ ಬಲ್ಬಿನತ್ತ ನೋಡಿದ. "ಲೈಟ್ ಬರ್ಲಿ. ಸಂಜೀಕ ನೋಡೂಣು."

"ನೀವು ಲೈಟ್ ಕಾಯ್ಕೋತ ಕೂಡ್ರಿ. ನಾ ಆಟೋ ಕರೀತೇನಿ."

ಆಟೋದಲ್ಲಿ ಮರೆವ್ವ ಸೊಸೆಯ ಹೆಗಲಿಗೆ ಒರಗಿ ತೂಕಡಿಸಿದಳು. ಕರೆದರೆ ಒಂದು ಗಳಿಗೆ ತಡೆದು "ಹೂಂ" ಅನ್ನುತ್ತಿದ್ದಳು. ದಿನಕ್ಕೆ ಮೂರು ಹೊತ್ತು ಗುಳಿಗೆ ಬಿಡಿಸಿ ಕೊಟ್ಟದ್ದು ತನ್ನ ಕೈಯೇ ಅನ್ನುವುದು ನೆನಪಾಗಿ ಸಂಧ್ಯಾಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಜಮಖಂಡಿಯ ಆಸ್ಪತ್ರೆಗೆ ಬಾಳೇಶ ಇಸ್ತ್ರಿ ಅಂಗಿ ತೊಟ್ಟು ಬೈಕಿನಲ್ಲಿ ಹಿಂದೆಯೇ ಬಂದ. ನೋವು ಎಷ್ಟು ದಿನದ್ದು ಎಂದು ಡಾಕ್ಟರು ಕೇಳಿದ್ದೇ ತಡ, "ಇವತ್ ಮುಂಜಾನಿಂದ್ರಿ ಸರ," ಅಂದುಬಿಟ್ಟ.

"ಸುಳ್ಳರಿ," ಅಂದಳು ಸಂಧ್ಯಾ. ಗಂಡನ ಮುಖ ನೋಡಲಿಕ್ಕೂ ಅವಳಿಗೆ ಮನಸ್ಸಾಗಲಿಲ್ಲ. "ಬಚ್ಚಲದಾಗ ಬಿದ್ದು ತಲಿಗಿ ಪೆಟ್ಟಾಗಿ ಇಪ್ಪತ್ ದಿನಾ ಆತ್ರಿ. ನೋವು ಏರಕೋತ ಹೊಂಟೈತಿ. ನಾನ ಗುಳಿಗಿ ಕೊಟಗೋತ ಕುಂತೇನ್ರಿ."

"ಪೆಟ್ಟಾದ ಮ್ಯಾಲೆ ನೋವು ಏರಾಕತ್ರ ಆವತ್ತ ಬರಬೇಕ್ರಿ," ಎಂದ ಡಾಕ್ಟರು, ತಲೆಯ ಸ್ಕ್ಯಾನಿಗೆ ಚೀಟಿ ಬರೆಯುತ್ತಲೇ ಮರೆವ್ವನತ್ತ ಬಾಗಿದರು. "ಅಮ್ಮಾರ, ಎರಡೂ ಕೈ ಎತ್ರಿ ನೋಡೂಣು."

ಮರೆವ್ವ ಬಲಗೈ ಎತ್ತಿದಳು. ಎಡಗೈ ಮಡಿಲಲ್ಲೇ ಬಿದ್ದಿತ್ತು.

"ಇನ್ನೊಂದ್ ಕೈರಿ."

"ಎರಡೂ ಎತ್ತೇನಲ್ರಿ, ನೋಡ್ರಿ," ಅಂದಳು ಮರೆವ್ವ. ಡಾಕ್ಟರು ನಂಬುವಂತೆ ಕಾಣದ್ದರಿಂದ ಸೊಸೆಯತ್ತ ತಿರುಗಿದಳು. "ನೀನರ ಹೇಳ, ಸಂಧ್ಯಾ."

ಸಂಧ್ಯಾ ಬಾಗಿ, ಮಡಿಲಲ್ಲಿ ಬಿದ್ದಿದ್ದ ಆ ಎಡಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಮರೆವ್ವ ಸೊಸೆಯ ಮುಖವನ್ನೇ ನೋಡುತ್ತ, ಬಲಗೈಯನ್ನು ಇನ್ನಷ್ಟು ಮೇಲಕ್ಕೆ ಚಾಚಿದಳು.